ಕುರಿಗಾಹಿ ಎತ್ತಿದ ಕೈ

2023ರ ಏಪ್ರಿಲ್ 2, ಭಾನುವಾರ. ಚಳ್ಳಕೆರೆ ತಾಲ್ಲೂಕಿನ ಕಾವಲು ಸೀಮೆಯಲ್ಲಿ ಆಗಷ್ಟೇ ಬಿಸಿಲು ಏರುತ್ತಿತ್ತು. ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರೊಂದು ರೆಕ್ಕೆಯುಳ್ಳ ಪುಟ್ಟ ನೌಕೆಯನ್ನು ಹೊಟ್ಟೆಯಡಿ ತೂಗಿಸಿಕೊಂಡು ಮೇಲೇರಿತು. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಅದನ್ನು ಕಳಚಿ ಬಿಟ್ಟಿತು. ನೌಕೆಯೊಳಗೆ ಪೈಲಟ್ ಇರಲಿಲ್ಲ. ಗಾಳಿಯ ವೇಗ, ಇಳಿಯುವ ಕೋನ, ಓಡುಹಾದಿಯ ದೂರ ಎಲ್ಲವನ್ನೂ ಅದೇ ಲೆಕ್ಕ ಹಾಕಿಕೊಂಡು 7 ಗಂಟೆ 40 ನಿಮಿಷಕ್ಕೆ ನೆಲ ಮುಟ್ಟಿತು. ಇಸ್ರೊದ ಮರುಬಳಕೆ ಉಡಾವಣಾ ನೌಕೆಯ ಮೊದಲ ಸ್ವಯಂ ಇಳಿಕೆ ಅದು. 2024ರ ಮಾರ್ಚ್ 22ರಂದು ಮತ್ತೊಮ್ಮೆ, ಜೂನ್ 23ರಂದು ಮಗದೊಮ್ಮೆ ಇದೇ ನೆಲದಲ್ಲಿ ಪ್ರಯೋಗ ನಡೆಯಿತು. ಮೂರನೆಯ ಸಲ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಅದು ಇಳಿಯಿತು. ನೌಕೆಗೆ ಇಟ್ಟ ಹೆಸರು ಪುಷ್ಪಕ. ಒಡೆಯನ ಮನಸ್ಸನ್ನರಿತು ತಾನೇ ಸಾಗುತ್ತಿದ್ದ ರಾಮಾಯಣದ ವಿಮಾನದ ಹೆಸರು.

ಈ ಪುಷ್ಪಕ ಮನಸ್ಸನ್ನು ಅರಿಯಬೇಕಾಗಿರಲಿಲ್ಲ. ಅದು ಇಳಿದ ಓಡುಹಾದಿಗೆ ಕುರಿಹಿಂಡು ನುಗ್ಗುವಂತಿರಲಿಲ್ಲ, ಸೈಕಲ್ಲಿಗೆ ಹುಲ್ಲಿನ ಹೊರೆ ಕಟ್ಟಿಕೊಂಡ ಮುದುಕ ಅಡ್ಡ ಬರುವಂತಿರಲಿಲ್ಲ. ಸುತ್ತ ಕಾಂಪೌಂಡ್ ಗೋಡೆಯಿತ್ತು.

ಗೋಡೆಯ ಒಳಗೆ ತಾನೇ ನಿರ್ಧರಿಸುವ ಯಂತ್ರ, ಹೊರಗೆ ಯಂತ್ರಕ್ಕೆ ಗೊತ್ತಿಲ್ಲದ ನೂರು ಜೀವ. ತಾನೇ ಓಡುವ ಕಾರಿನ ನೀತಿ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ತಕ್ಕ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಬ್ರೇಕು ಕೈಕೊಟ್ಟಾಗ ಕಾರು ಯಾರನ್ನು ಉಳಿಸಬೇಕು, ಯಾರನ್ನು ಬಿಡಬೇಕು ಎಂದು ಜಗತ್ತಿನ ವಿಶ್ವವಿದ್ಯಾಲಯಗಳು ಕೇಳುತ್ತಿವೆ. ಅದಕ್ಕೂ ಮೊದಲು ಉತ್ತರವಾಗಬೇಕಾದ ಪ್ರಶ್ನೆ ಇನ್ನೊಂದಿದೆ. ರಸ್ತೆಯ ಮೇಲೆ ಯಾರು ಯಾರಿದ್ದಾರೆ ಎಂದು ಆ ಯಂತ್ರಕ್ಕೆ ಹೇಳಿಕೊಟ್ಟವರು ಯಾರು?

ಪುಷ್ಪಕ ಇಳಿದ ಈ ಸೀಮೆಯ ಉಳ್ಳಾರ್ತಿ ಕಾವಲು, ವರವು ಕಾವಲು, ಖುದಾಪುರದ ಕಾವಲು, ಇವೆಲ್ಲ ಅಮೃತಮಹಲ್ ಕಾವಲುಗಳು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯ ದನಗಳು, ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ಎತ್ತುಗಳು ಮೇಯಲೆಂದು ಕಾದಿರಿಸಿದ ಹುಲ್ಲುಗಾವಲುಗಳು. ಅಮೃತಮಹಲ್ ಎಂಬ ಹೆಸರು ಟಿಪ್ಪು ಇಟ್ಟದ್ದು. ಆ ಕಾಲದ ಸೈನ್ಯಕ್ಕೆ ವೇಗ ಕೊಟ್ಟದ್ದು ಈ ತಳಿಯ ಎತ್ತುಗಳೇ. ಸೈನ್ಯ ಹೋದ ಮೇಲೂ ಕಾವಲು ಉಳಿಯಿತು. ಸುತ್ತಲಿನ ಹಟ್ಟಿಗಳ ಕುರಿ, ಮೇಕೆ, ದನ ಅಲ್ಲಿ ಮೇಯ್ದವು. ಆ ಕುರಿಗಳ ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ ನೇಯ್ಗೆ ನಡೆಯಿತು. 2008ರ ನಂತರದ ಕೆಲವೇ ವರ್ಷಗಳಲ್ಲಿ ಹತ್ತಿರಹತ್ತಿರ 10,000 ಎಕರೆ ಕಾವಲು ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವುಗಳಿಗೆ ಹಂಚಿಕೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಖುದಾಪುರದಲ್ಲಿ ಸಿಕ್ಕಿದ್ದು 1,500 ಎಕರೆ. ಗೋಡೆಗಳು ಎದ್ದವು, ಮೇವಿನ ದಾರಿಗಳು ಮುಚ್ಚಿದವು. ಊರಿನವರು ಪ್ರತಿಭಟಿಸಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2017ರ ಮೇ 28ರಂದು ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಮಾನವರಹಿತ ವಿಮಾನಗಳ ಪರೀಕ್ಷೆಗೆ ದೇಶದಲ್ಲಿ ಮುಖ್ಯವಾದ ತಾಣ ಈಗ ಅದೇ.

ಯಂತ್ರ ಗೋಡೆ ದಾಟಿ ಬಂದದ್ದೂ ಉಂಟು. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಎಂಬ ಪೈಲಟ್‌ರಹಿತ ವಿಮಾನ ಜೋಡಿಚಿಕ್ಕೇನಹಳ್ಳಿಯ ಜಮೀನಿನಲ್ಲಿ ಬಿತ್ತು. 2023ರ ಆಗಸ್ಟ್ 20ರಂದು ತಪಸ್ ಎಂಬ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಬಳಿಯ ಹೊಲದಲ್ಲಿ ಬಿತ್ತು. ಎರಡೂ ಸಲ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಜನ ಓಡಿಬಂದು ಸುತ್ತ ನಿಂತು ನೋಡಿದರು.

ಆಕಾಶದಲ್ಲಿ ಓಡುವುದಕ್ಕೂ ನೆಲದಲ್ಲಿ ಓಡುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಷ್ಟೇ: ನೆಲದಲ್ಲಿ ಬೇರೆಯವರಿದ್ದಾರೆ. ಬಳ್ಳಾರಿಯಿಂದ ಚಳ್ಳಕೆರೆ ದಾಟಿ ಹಿರಿಯೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ, ಅದಕ್ಕಿಂತ ಹೆಚ್ಚಾಗಿ ನಾಯಕನಹಟ್ಟಿ, ಉಳ್ಳಾರ್ತಿ ಕಡೆಯ ಒಳರಸ್ತೆಗಳ ಮೇಲೆ ಲಾರಿ ಓಡಿಸುವವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಕುರಿ ರಸ್ತೆ ದಾಟಿದರೆ ಹಿಂದೆ ಹಿಂಡೇ ಇದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮರಿ ಈಚೆಗೆ, ತಾಯಿ ಆಚೆಗೆ ಇದ್ದರೆ ಎರಡರಲ್ಲಿ ಒಂದು ಓಡಿಬರುವುದು ಖಂಡಿತ. ಮೊದಲು ಹುಡುಕಬೇಕಾದ್ದು ಕುರಿಯನ್ನಲ್ಲ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಮನುಷ್ಯನನ್ನು. ಅವನು ಕೋಲು ಅಡ್ಡ ಹಿಡಿದರೆ ನಿಲ್ಲು ಎಂದು, ಕೋಲು ಬೀಸಿ ಹಿಂಡನ್ನು ಅಂಚಿಗೆ ಒತ್ತಿದರೆ ಹೋಗು ಎಂದು. ಸುಗ್ಗಿಯಲ್ಲಿ ರಸ್ತೆಗೆ ಹಾಸಿದ ಹುರುಳಿಯ ಮೇಲೆ ಗಾಡಿ ಹತ್ತಿಸಿ ಹೋಗಬೇಕೆಂದೇ ಹಾಸಿದವರ ಆಸೆ. ಅದು ಅಪಾಯಕಾರಿ ಪದ್ಧತಿ, ಬೈಕ್ ಸವಾರರು ಜಾರಿ ಬಿದ್ದದ್ದುಂಟು, ಆದರೂ ನಡೆದೇ ಇದೆ. ತಾನೇ ಓಡುವ ಕಾರಿನ ಕ್ಯಾಮೆರಾಗೆ ಆ ಹುರುಳಿ ಹೇಗೆ ಕಾಣಬೇಕು? ಅಡ್ಡಿಯೋ, ಆಹ್ವಾನವೋ?

ಇಂಥ ಪ್ರಶ್ನೆಗಳನ್ನು ಜಗತ್ತಿನ ಅತಿದೊಡ್ಡ ನೀತಿ ಸಮೀಕ್ಷೆಗಳಲ್ಲೊಂದು ಕೇಳಲೇ ಇಲ್ಲ. ಅದರ ಹೆಸರು ಮಾರಲ್ ಮಷಿನ್. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ 2016ರಲ್ಲಿ ಅದನ್ನು ಅಂತರ್ಜಾಲಕ್ಕೆ ತಂದಿತು. ಬ್ರೇಕು ತಪ್ಪಿದ ಕಾರು; ನೇರ ಹೋದರೆ ಒಂದಿಷ್ಟು ಜೀವ ಹೋಗುತ್ತದೆ, ತಿರುಗಿದರೆ ಇನ್ನೊಂದಿಷ್ಟು. ಮುದುಕಿಯೋ ಮಗುವೋ, ಒಬ್ಬರೋ ಐವರೋ, ಸಿಗ್ನಲ್ ಪಾಲಿಸಿದವರೋ ಮೀರಿದವರೋ ಎಂದು ಆಡುವವರು ಆರಿಸಬೇಕು. 1967ರಲ್ಲಿ ಬ್ರಿಟಿಷ್ ತತ್ತ್ವಜ್ಞಾನಿ ಫಿಲಿಪಾ ಫುಟ್ ಎತ್ತಿದ ಹತೋಟಿ ತಪ್ಪಿದ ಟ್ರಾಲಿಯ ಪ್ರಶ್ನೆಗೆ ಹೊಸ ಗಾಲಿ ಜೋಡಿಸಿದಂತೆ. 2018ರ ಅಕ್ಟೋಬರಿನಲ್ಲಿ ಎಡ್ಮಂಡ್ ಅವಾದ್, ಇಯಾದ್ ರಹ್ವಾನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. 233 ದೇಶ ಮತ್ತು ಪ್ರದೇಶಗಳಿಂದ ಬಂದ ಸುಮಾರು 4 ಕೋಟಿ ತೀರ್ಪುಗಳು ಅದರಲ್ಲಿದ್ದವು.

ಪ್ರಾಣಿಗಿಂತ ಮನುಷ್ಯ, ಕೆಲವರಿಗಿಂತ ಹಲವರು, ಹಿರಿಯರಿಗಿಂತ ಕಿರಿಯರು ಉಳಿಯಲಿ ಎಂಬ ಒಲವು ಒಟ್ಟಾರೆ ಎಲ್ಲೆಡೆ ಕಂಡಿತು. ಎಷ್ಟರ ಮಟ್ಟಿಗೆ ಎಂಬಲ್ಲಿ ದೇಶ ದೇಶಕ್ಕೆ ದಾರಿ ಬೇರೆಯಾಯಿತು. ಜಪಾನ್, ತೈವಾನ್‌ನಂಥ ಪೂರ್ವದ ದೇಶಗಳಲ್ಲಿ ಎಳೆಯರ ಪರವಾದ ಒಲವು ತಗ್ಗಿತು. ಹಿರಿಯರಿಗೆ ತಗ್ಗಿಬಗ್ಗಿ ನಡೆಯುವ ಸಮಾಜಗಳವು. ಲ್ಯಾಟಿನ್ ಅಮೆರಿಕವೂ ಫ್ರೆಂಚ್ ಪ್ರಭಾವದ ನಾಡುಗಳೂ ಸೇರಿದ ಗುಂಪಿನಲ್ಲಿ ಸಾಕುಪ್ರಾಣಿಗಿಂತ ಮನುಷ್ಯನೇ ಮೇಲೆಂಬ ಹಟ ಸಡಿಲವಾಗಿತ್ತು. ಕಾನೂನಿನ ಹಿಡಿತ ಬಿಗಿಯಿರುವ ಸಿರಿವಂತ ದೇಶಗಳ ಜನ ಸಿಗ್ನಲ್ ಮೀರಿ ದಾಟುವವನ ಮೇಲೆ ಕನಿಕರ ತೋರಿದ್ದು ಕಡಿಮೆ. ಬಡ ದೇಶಗಳವರು ಹೆಚ್ಚು ತೋರಿದರು. ಬಡವ ಬಲ್ಲಿದರ ಅಂತರ ಹೆಚ್ಚಿದ್ದ ದೇಶಗಳಲ್ಲಿ ಕಾರಿನ ತೀರ್ಪಿನಲ್ಲೂ ಆ ಅಂತರ ಇಣುಕಿತು. ಮನೆಯಿಲ್ಲದವನಿಗಿಂತ ದೊಡ್ಡ ಹುದ್ದೆಯವನು ಬದುಕಲಿ ಎಂದವರು ಅಲ್ಲಿ ಹೆಚ್ಚು. ಇದನ್ನು ಓದುವಾಗ ಮನಸ್ಸು ಕಲಕುತ್ತದೆ. ಊರಿನ ಅನ್ಯಾಯವೇ ಕಾರಿನ ನೀತಿಯಾಗಿ ಮರಳಿ ಬರಬಹುದೆಂಬ ಎಚ್ಚರಿಕೆ ಅದರಲ್ಲಿದೆ. ಜನರ ಒಲವನ್ನು ಹಾಗೇ ಕಾನೂನಾಗಿಸಬಾರದು ಎಂದು ಜರ್ಮನಿ ಮೊದಲೇ ಎಚ್ಚೆತ್ತಿತ್ತು. ಅದರ ನೀತಿ ಆಯೋಗ 2017ರಲ್ಲಿ ಕೊಟ್ಟ 20 ನಿಯಮಗಳು ಮನುಷ್ಯ ಜೀವ ಪ್ರಾಣಿ ಮತ್ತು ಆಸ್ತಿಗಿಂತ ಮೊದಲು ಎನ್ನುತ್ತವೆ. ಮನುಷ್ಯರ ನಡುವೆ ವಯಸ್ಸು, ಲಿಂಗ, ದೇಹಸ್ಥಿತಿ ನೋಡಿ ಆರಿಸುವುದನ್ನು ನಿಷೇಧಿಸುತ್ತವೆ.

ಆದರೆ ಸಮೀಕ್ಷೆಯ ಉತ್ತರಗಳಷ್ಟೇ ಅದರ ಪ್ರಶ್ನೆಗಳೂ ಮಾತಾಡುತ್ತವೆ. ಮಾರಲ್ ಮಷಿನ್ ಹತ್ತು ಭಾಷೆಗಳಲ್ಲಿತ್ತು: ಇಂಗ್ಲಿಷ್, ಅರಬ್ಬಿ, ಚೀನಿ, ಫ್ರೆಂಚ್, ಜರ್ಮನ್, ಜಪಾನಿ, ಕೊರಿಯನ್, ಪೋರ್ಚುಗೀಸ್, ರಷ್ಯನ್, ಸ್ಪ್ಯಾನಿಷ್. ಕನ್ನಡವಿರಲಿ, ಹಿಂದಿಯೂ ಇಲ್ಲ, ಬಂಗಾಳಿಯೂ ಇಲ್ಲ. ಭಾರತದಿಂದ ಉತ್ತರಿಸಿದವರು ಇಂಗ್ಲಿಷ್ ಬಲ್ಲ, ಕಂಪ್ಯೂಟರ್ ಮುಂದೆ ಕೂತ, ಹೆಚ್ಚಿನಂಶ ಓದಿದ ತರುಣರೇ ಆಗಿರಬೇಕು. ಹಟ್ಟಿಯ ಅಜ್ಜಿಯನ್ನು ಯಾರೂ ಕೇಳಿಲ್ಲ. ಇನ್ನು ಆ ಆಟದ ರಸ್ತೆಗೆ ಬಂದ ಪ್ರಾಣಿಗಳು ಎರಡೇ, ನಾಯಿ ಮತ್ತು ಬೆಕ್ಕು. ಹಸುವಿಲ್ಲ, ಎತ್ತಿಲ್ಲ, ಕುರಿಯಿಲ್ಲ.

ಇಲ್ಲೊಂದು ಹೋಲಿಕೆ ನೋಡಬೇಕು. ಭಾರತದ ಮೋಟಾರು ವಾಹನ ಕಾಯ್ದೆ 1988ರದು. ಅದರ 132ನೇ ಕಲಮು ಚಾಲಕ ಯಾವಾಗ ಗಾಡಿ ನಿಲ್ಲಿಸಬೇಕು ಎಂದು ಹೇಳುತ್ತದೆ. ಆ ಕಲಮಿನಲ್ಲಿ ಪ್ರಾಣಿ ಎಂದರೆ ಏನೆಂದು ಪಟ್ಟಿಯಿದೆ: ಕುದುರೆ, ದನ, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ, ಮೇಕೆ. ಬ್ರಿಟನ್ನಿನ ರಸ್ತೆ ಸಂಚಾರ ಕಾಯ್ದೆಯೂ 1988ರದೇ. ಅಪಘಾತವಾದಾಗ ನಿಲ್ಲಬೇಕೆನ್ನುವ ಅದರ 170ನೇ ಕಲಮಿನ ಪಟ್ಟಿ: ಕುದುರೆ, ದನ, ಕತ್ತೆ, ಹೇಸರಗತ್ತೆ, ಕುರಿ, ಹಂದಿ, ಮೇಕೆ, ನಾಯಿ. ನಮ್ಮ ಪಟ್ಟಿಯ ಆನೆ, ಒಂಟೆ ಅಲ್ಲಿಲ್ಲ. ಅವರ ಹಂದಿ, ನಾಯಿ ಇಲ್ಲಿಲ್ಲ. ಬೆಕ್ಕು ಎರಡರಲ್ಲೂ ಇಲ್ಲ. ಒಂದೇ ವರ್ಷ, ಒಂದೇ ಬಗೆಯ ಕಾನೂನು ಪರಂಪರೆ. ರಸ್ತೆಯ ಮೇಲೆ ಯಾವ ಜೀವ ಲೆಕ್ಕಕ್ಕೆ ಬರುತ್ತದೆ ಎಂಬುದು ಮಾತ್ರ ನೆಲಕ್ಕೆ ತಕ್ಕಂತೆ ಬೇರೆ. ಸಂಸ್ಕೃತಿ ನೀತಿಯನ್ನು ರೂಪಿಸುತ್ತದೆ ಎಂಬ ಮಾತಿಗೆ ಇಷ್ಟು ಸರಳವಾದ ಸಾಕ್ಷಿ ಇನ್ನೆಲ್ಲಿ ಸಿಗುತ್ತದೆ?

132ನೇ ಕಲಮಿನಲ್ಲಿ ಇನ್ನೂ ಒಂದು ಮಾತಿದೆ, ಅದನ್ನು ನಿಧಾನವಾಗಿ ಓದಬೇಕು. ಪ್ರಾಣಿಯ ಉಸ್ತುವಾರಿಯಲ್ಲಿರುವ ಯಾವುದೇ ವ್ಯಕ್ತಿಗೆ ತನ್ನ ಪ್ರಾಣಿ ಗಾಡಿಗೆ ಬೆದರಿ ಹತೋಟಿ ತಪ್ಪೀತು ಎನ್ನಿಸಿದರೆ, ಅವನು ಕೇಳಿದಾಗ ಚಾಲಕ ಗಾಡಿ ನಿಲ್ಲಿಸಲೇಬೇಕು. ಅದಕ್ಕೆ ಸಮವಸ್ತ್ರ ಬೇಡ, ಸೀಟಿ ಬೇಡ. ಕಂಬಳಿ ಹೊದ್ದ ಕುರಿಗಾಹಿ ಕೈ ಎತ್ತಿದರೆ ಸಾಕು. ಈ ದೇಶದ ಕಾನೂನು ಅವನಿಗೆ ರಸ್ತೆಯ ಮೇಲೆ ಒಂದು ಅಧಿಕಾರ ಕೊಟ್ಟಿದೆ, ಅವನಿಗೇ ಗೊತ್ತಿಲ್ಲದಿದ್ದರೂ. ತಾನೇ ಓಡುವ ಕಾರಿಗೆ ಆ ಎತ್ತಿದ ಕೈ ಅರ್ಥವಾಗುತ್ತದೆಯೇ ಎಂಬುದು ಯಾರನ್ನು ಕೊಲ್ಲಬೇಕು ಎಂಬ ಒಗಟಿಗಿಂತ ದೊಡ್ಡ ನೀತಿ ಪ್ರಶ್ನೆ. ಒಗಟಿನ ಗಳಿಗೆ ಒಬ್ಬ ಚಾಲಕನ ಬದುಕಿನಲ್ಲಿ ಒಮ್ಮೆಯೂ ಬರದೇ ಹೋಗಬಹುದು. ಎತ್ತಿದ ಕೈ ಈ ರಸ್ತೆಗಳಲ್ಲಿ ದಿನವೂ ಎದುರಾಗುತ್ತದೆ.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸಬೇಡರಲ್ಲಿ ದೇವರ ಎತ್ತುಗಳೆಂಬ ಹಿಂಡುಗಳಿವೆ. ಅವನ್ನು ಮಾರುವಂತಿಲ್ಲ, ಉಳುಮೆಗೆ ಹೂಡುವಂತಿಲ್ಲ. ನೋಡಿಕೊಳ್ಳುವವನು ಕಿಲಾರಿ. ಹಿಂಡು ರಾತ್ರಿ ತಂಗುವ ಜಾಗ ರೊಪ್ಪ. ಬರ ಬಂದ ವರ್ಷ ತಮ್ಮ ಹೊಲದಲ್ಲಿ ಬೆಳೆ ಇಲ್ಲದಿದ್ದರೂ ದೇವರ ಎತ್ತಿಗೆ ಮೇವು ಒಟ್ಟುಗೂಡಿಸುತ್ತಾರೆ. ಸತ್ತ ಎತ್ತನ್ನು ಗೌರವದಿಂದ ಮಣ್ಣು ಮಾಡುತ್ತಾರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು ಎಂಬುದು ನೆನಪಿರಬೇಕು. ಕಾಡುಗೊಲ್ಲರ ಹಟ್ಟಿಗಳಲ್ಲೂ ಹೀಗೇ ದನವೆಂದರೆ ಆಸ್ತಿ ಮಾತ್ರವಲ್ಲ, ವಂಶದ ಕಥೆಯ ಪಾತ್ರ.

ಇದನ್ನು ಓದಿದ ನಗರದವರಿಗೆ ಒಂದು ತಪ್ಪು ಊಹೆ ಬರಬಹುದು: ಹಾಗಾದರೆ ಇವರು ಮನುಷ್ಯನನ್ನು ಬಿಟ್ಟು ಎತ್ತನ್ನು ಉಳಿಸು ಎನ್ನುತ್ತಾರೆಯೇ? ಹಾಗೆ ಊಹಿಸುವುದು ಅವರಿಗೆ ಮಾಡುವ ಅನ್ಯಾಯ. ನಂಬಿಕೆ ಕೆಲಸ ಮಾಡುವುದು ಕೊನೆಯ ಸೆಕೆಂಡಿನಲ್ಲಿ ಅಲ್ಲ, ಅದಕ್ಕೂ ಅರ್ಧ ಮೈಲಿ ಮೊದಲು. ಈ ದಾರಿಯಲ್ಲಿ ದೇವರ ಎತ್ತು ಬರುತ್ತವೆ ಎಂದು ಗೊತ್ತಿರುವ ಚಾಲಕ ವೇಗ ಇಳಿಸಿಯೇ ಬರುತ್ತಾನೆ. ಅವನಿಗೆ ಆರಿಸುವ ಸಂಕಟವೇ ಹುಟ್ಟುವುದಿಲ್ಲ. ಗೌರವ ಅಂದರೆ ಇಲ್ಲಿ ವೇಗದ ಲೆಕ್ಕ.

ತಮಿಳುನಾಡಿನ ತಿರುವಾರೂರಿನ ಮನುನೀತಿ ಚೋಳನ ಕಥೆ ನಮ್ಮಲ್ಲೂ ಹಲವರಿಗೆ ಗೊತ್ತು. ರಾಜಕುಮಾರನ ರಥದ ಗಾಲಿಗೆ ಸಿಕ್ಕಿ ಕರು ಸತ್ತಿತು, ಹಸು ಅರಮನೆಯ ಗಂಟೆ ಬಾರಿಸಿತು, ಅರಸ ಮಗನನ್ನೇ ರಥದಡಿ ಹಾಕಲು ಮುಂದಾದ. ಆ ಅರಸನ ಪ್ರತಿಮೆ ಮದ್ರಾಸ್ ಹೈಕೋರ್ಟಿನ ಆವರಣದಲ್ಲಿದೆ. ಗಾಡಿ ಓಡಿಸುವವನ ಹೊಣೆಯ ಬಗ್ಗೆ ದಕ್ಷಿಣ ಭಾರತ ಹೇಳಿಕೊಂಡು ಬಂದ ಹಳೆಯ ಕಥೆ ಅದು. ಆ ಕಥೆಯ ತೀರ್ಪು ಭಯಂಕರ, ಯಾರೂ ಅದನ್ನು ಇವತ್ತು ಒಪ್ಪಬೇಕಿಲ್ಲ. ದೂರು ಕೊಡಲು ಹಸುವಿಗೂ ಒಂದು ಗಂಟೆಯಿತ್ತು ಎಂಬುದನ್ನು ಮಾತ್ರ ಒಪ್ಪಬೇಕು.

ಯಂತ್ರಗಳು ತಾವು ಹುಟ್ಟಿದ ಊರಿನ ಕಣ್ಣನ್ನೇ ಹೊತ್ತು ತರುತ್ತವೆ. ಸ್ವೀಡನ್ನಿನ ವೋಲ್ವೊ ಕಂಪನಿ ರಸ್ತೆಗೆ ಅಡ್ಡ ಬರುವ ಪ್ರಾಣಿಗಳನ್ನು ಗುರುತಿಸುವ ವ್ಯವಸ್ಥೆಯನ್ನು ತನ್ನ ನಾಡಿನ ದೊಡ್ಡ ಕಡವೆಜಾತಿಯ ಮೂಸ್‌ಗಳನ್ನು ನೋಡಿ ರೂಪಿಸಿತ್ತು. ಆಸ್ಟ್ರೇಲಿಯಾದಲ್ಲಿ ಕಾಂಗರೂ ಎದುರಾಯಿತು. ಅದು ನೆಗೆದು ಗಾಳಿಯಲ್ಲಿರುವಾಗ ದೂರದಲ್ಲಿರುವಂತೆ, ನೆಲಕ್ಕಿಳಿದಾಗ ಹತ್ತಿರವಿರುವಂತೆ ಕಾಣುತ್ತಿತ್ತು. ಯಂತ್ರಕ್ಕೆ ಲೆಕ್ಕ ತಪ್ಪಿತು. 2017ರಲ್ಲಿ ಕಂಪನಿಯೇ ಇದನ್ನು ಹೇಳಿಕೊಂಡಿತು.

ಕಾಂಗರೂ ಪ್ರಸಂಗ ಹಗುರವಾದದ್ದು. ಅಮೆರಿಕದ ಅರಿಜೋನಾದ ಟೆಂಪಿ ನಗರದ್ದು ಹಾಗಲ್ಲ. 2018ರ ಮಾರ್ಚ್ 18ರ ರಾತ್ರಿ ಊಬರ್ ಕಂಪನಿಯ ಪರೀಕ್ಷಾರ್ಥ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿಯಿತು; ಆಕೆ ಸತ್ತರು. ಬಡಿಯುವ 5.6 ಸೆಕೆಂಡು ಮೊದಲೇ ಕಾರಿಗೆ ಏನೋ ಇದೆ ಎಂದು ಕಂಡಿತ್ತು. ಅದು ವಾಹನ, ಅಲ್ಲ ಬೇರೇನೋ ವಸ್ತು, ಅಲ್ಲ ಸೈಕಲ್ ಎಂದು ಹೆಸರು ಬದಲಿಸುತ್ತಲೇ ಹೋಯಿತು, ಮನುಷ್ಯ ಎನ್ನಲಿಲ್ಲ. ಪಾದಚಾರಿ ದಾಟುವ ಪಟ್ಟೆಯ ಹೊರಗೆ ಮನುಷ್ಯ ದಾಟಬಹುದು ಎಂಬ ಯೋಚನೆಯೇ ಆ ವ್ಯವಸ್ಥೆಯ ವಿನ್ಯಾಸದಲ್ಲಿರಲಿಲ್ಲ ಎಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ನಿಯಮ ಪಾಲಿಸುವವರ ಊರಿನಲ್ಲಿ, ನಿಯಮ ಪಾಲಿಸುವವರೇ ಎಲ್ಲ ಎಂದುಕೊಂಡು ಬರೆದ ಸಾಲುಗಳು ಒಂದು ಜೀವ ತೆಗೆದವು.

ಚಳ್ಳಕೆರೆಯ ಹೆದ್ದಾರಿಯಲ್ಲಿ ದಾಟುವ ಪಟ್ಟೆ ಎಷ್ಟು ಕಡೆ ಇದೆ? ಹೊಲ ಆಚೆ, ಮನೆ ಈಚೆ ಇರುವ ಊರುಗಳಲ್ಲಿ ಎಲ್ಲಿ ಬೇಕೋ ಅಲ್ಲೇ ದಾಟಬೇಕು. ಟೆಂಪಿಯ ಆ ಯಂತ್ರದ ಲೆಕ್ಕದಲ್ಲಿ ಇಡೀ ತಾಲ್ಲೂಕೇ ಮನುಷ್ಯರಿಲ್ಲದ ತಾಲ್ಲೂಕು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅವರಲ್ಲಿ ಹತ್ತಿರಹತ್ತಿರ ಐದರಲ್ಲಿ ಒಬ್ಬರು ನಡೆದುಹೋಗುತ್ತಿದ್ದವರು. ಮನುಷ್ಯ ಚಾಲಕರೇ ಇಷ್ಟು ಕೊಲ್ಲುತ್ತಿರುವಾಗ ಯಂತ್ರ ಬಂದರೆ ಒಳ್ಳೆಯದಲ್ಲವೇ ಎಂಬ ವಾದಕ್ಕೆ ತೂಕವಿದೆ. ಕುಡಿಯದ, ನಿದ್ದೆಗೆಡದ, ಫೋನು ನೋಡದ ಚಾಲಕ ಬೇಕೇ ಬೇಕು. ಆದರೆ ಅವನಿಗೆ ಇಲ್ಲಿನವರ ಗುರುತಿರಬೇಕು.

ಈ ಕೊರತೆಯನ್ನು ಗಂಭೀರವಾಗಿ ತೆಗೆದುಕೊಂಡವರು ಹೈದರಾಬಾದಿನ ಐಐಐಟಿಯ ಸಂಶೋಧಕರು. ಹೈದರಾಬಾದ್, ಬೆಂಗಳೂರು ಮತ್ತು ಅವುಗಳ ಹೊರವಲಯದ ರಸ್ತೆಗಳಲ್ಲಿ 182 ಸಲ ಗಾಡಿ ಓಡಿಸಿ, 10,000 ಚಿತ್ರಗಳಲ್ಲಿ ಕಂಡದ್ದನ್ನೆಲ್ಲ 34 ಬಗೆಗಳಾಗಿ ವಿಂಗಡಿಸಿದರು. ಹೆಚ್ಚಾಗಿ ಜರ್ಮನಿಯ ನಗರಗಳಲ್ಲಿ ತಯಾರಾದ, ಜಗತ್ತೆಲ್ಲ ಬಳಸುವ ಸಿಟಿಸ್ಕೇಪ್ಸ್ ಎಂಬ ಸಂಗ್ರಹದಲ್ಲಿ ಆಟೊರಿಕ್ಷಾ ಎಂಬ ಬಗೆಯಿಲ್ಲ, ಪ್ರಾಣಿ ಎಂಬ ಬಗೆಯೂ ಇಲ್ಲ. ಹೈದರಾಬಾದಿನ ಸಂಗ್ರಹದಲ್ಲಿ ಎರಡೂ ಇವೆ. ಡಾಂಬರಿನ ಅಂಚಿನಾಚೆಯ ಮಣ್ಣಿನ ಪಟ್ಟಿಗೂ, ಬೇಕಾದರೆ ಗಾಡಿ ಇಳಿಸಬಹುದು ಎಂಬರ್ಥದ ಒಂದು ಹೆಸರಿದೆ. ನಮ್ಮ ರಸ್ತೆ ಬಲ್ಲವರಷ್ಟೇ ಕೊಡಬಲ್ಲ ಹೆಸರದು. ಇದು ದೊಡ್ಡ ಹೆಜ್ಜೆ. ಆದರೂ ಅಲ್ಲಿ ಎತ್ತು, ಕುರಿ, ನಾಯಿ ಎಲ್ಲಕ್ಕೂ ಒಂದೇ ಹೆಸರು: ಪ್ರಾಣಿ. ಹಾರ್ನಿಗೆ ನಾಯಿ ಓಡುತ್ತದೆ, ಎಮ್ಮೆ ನಿಲ್ಲುತ್ತದೆ, ಕುರಿ ಮುಂದಿನದರ ಹಿಂದೆ ಹೋಗುತ್ತದೆ. ಒಂದೇ ಹೆಸರಿನಲ್ಲಿ ಈ ಮೂರು ಸ್ವಭಾವ ಹಿಡಿಸುವುದಿಲ್ಲ.

ಅಪಘಾತ ಆದ ಮೇಲಿನ ನೀತಿಯನ್ನು ಮಾತ್ರ ಈ ಚರ್ಚೆಗಳು ಬಹುತೇಕ ಮರೆತೇಬಿಟ್ಟಿವೆ. ನಮ್ಮ ಕಾಯ್ದೆಯ 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ವೈದ್ಯರ ನೆರವು ಸಿಗುವಂತೆ ಮಾಡುವುದು ಚಾಲಕನ ಕರ್ತವ್ಯ. ಗುಂಪಿನ ಆಕ್ರೋಶದಿಂದಲೋ ಕೈಮೀರಿದ ಬೇರೆ ಕಾರಣದಿಂದಲೋ ಅದು ಸಾಧ್ಯವಾಗದಿದ್ದರೆ ಮಾತ್ರ ವಿನಾಯಿತಿ. ಗುಂಪಿನ ಆಕ್ರೋಶವನ್ನು ಹೆಸರಿಸಿಯೇ ಬರೆದ ಕಾನೂನು ಇದು. ಸಿಟ್ಟಾಗುವ ಆ ಗುಂಪೇ ಗಾಯಾಳುವನ್ನು ಎತ್ತಿ ಆಸ್ಪತ್ರೆಗೆ ಸಾಗಿಸುವುದೂ ನಮ್ಮ ಅನುಭವ. ಖಾಲಿ ಸೀಟಿನ ಕಾರು ಗಾಯಾಳುವನ್ನು ಎತ್ತಲಾರದು, ಕ್ಷಮೆ ಕೇಳಲಾರದು. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್ನೊಂದು ಗಾಡಿ ಹೊಡೆದ ಮಹಿಳೆ ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ ಬಿದ್ದರು. ಕಾರು ಬಡಿದು ನಿಂತಿತು. ಆಮೇಲೆ, ರಸ್ತೆಯ ಅಂಚಿಗೆ ಸರಿಯಬೇಕೆಂಬ ನಿಯಮ ಪಾಲಿಸಿ, ಅಡಿಯಲ್ಲಿದ್ದ ಆಕೆಯನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಅದೇ ತಿಂಗಳು ಕ್ಯಾಲಿಫೋರ್ನಿಯಾ ರಾಜ್ಯ ಆ ಕಂಪನಿಯ ಪರವಾನಗಿ ತಡೆಹಿಡಿಯಿತು.

ಮಾರಲ್ ಮಷಿನ್‌ನ ಅವಾದ್ ಮತ್ತು ಸಂಗಡಿಗರು 42 ದೇಶಗಳ 70,000 ಜನರನ್ನು ಕೇಳಿ ಮಾಡಿದ ಇನ್ನೊಂದು ಅಧ್ಯಯನವನ್ನು 2020ರಲ್ಲಿ ಪ್ರಕಟಿಸಿದರು. ಹೊಸ ಗೆಳೆತನ, ಹೊಸ ಬಳಗ ಸುಲಭವಾಗಿ ಸಿಗದ ಸಮಾಜಗಳಲ್ಲಿ, ಐವರನ್ನು ಉಳಿಸಲು ಒಬ್ಬನನ್ನು ಬಲಿ ಕೊಡೋಣ ಎನ್ನುವವರು ಕಡಿಮೆ ಎಂದು ಕಂಡಿತು. ಹಟ್ಟಿಯ ಬದುಕು ಬಲ್ಲವರಿಗೆ ಇದು ಅಚ್ಚರಿಯಲ್ಲ. ಇವತ್ತು ಬಲಿಯಾದವನ ಅಣ್ಣ ನಾಳೆ ಬೆಳಿಗ್ಗೆ ಅದೇ ಬಾವಿಕಟ್ಟೆಯಲ್ಲಿ ಎದುರಾಗುತ್ತಾನೆ.

ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರ ನೀತಿ ಪ್ರಶ್ನೆ ಬೇರೆಯದೇ. ಚಾಲಕರ ಕೆಲಸ ಕಸಿಯುವ ಚಾಲಕರಹಿತ ಕಾರುಗಳನ್ನು ಭಾರತಕ್ಕೆ ಬರಗೊಡುವುದಿಲ್ಲ ಎಂದು ಅವರು 2017ರಲ್ಲಿ ಹೇಳಿದರು, 2023ರ ಡಿಸೆಂಬರಿನಲ್ಲಿ ಮತ್ತೆ ಹೇಳಿದರು. ಅದೇ 2023ರಲ್ಲಿ ಜಪಾನ್ ಕಾನೂನು ತಿದ್ದಿ ಫುಕುಯಿ ಪ್ರಾಂತ್ಯದ ಎಯ್‌ಹೆಯ್‌ಜಿ ಎಂಬ ಪುಟ್ಟ ಊರಿನಲ್ಲಿ ಚಾಲಕನಿಲ್ಲದ ಗಾಡಿ ಓಡಿಸಲು ಶುರುಮಾಡಿತು. ಅಲ್ಲಿ ಮುದುಕರು ಹೆಚ್ಚು, ಗಾಡಿ ಓಡಿಸುವವರು ಸಿಗುತ್ತಿಲ್ಲ. ಒಂದು ದೇಶಕ್ಕೆ ದಯೆಯಾಗಿ ಕಂಡದ್ದು ಇನ್ನೊಂದಕ್ಕೆ ಅನ್ನ ಕಸಿಯುವ ಕೆಲಸವಾಗಿ ಕಾಣುತ್ತದೆ. ಎರಡೂ ಸರಿಯಾದ ಕಾಳಜಿಗಳೇ. ಚಳ್ಳಕೆರೆಯ ಶೇಂಗಾ ಎಣ್ಣೆ ಹೊರುವ ಲಾರಿಗಳ ಡ್ರೈವರುಗಳ ಮನೆಯ ಮಕ್ಕಳು ಮೊದಲನೆಯದನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ.

ಸಚಿವರು ಬೇಡವೆಂದರೂ ಪ್ರಯೋಗ ನಿಂತಿಲ್ಲ. ಬೆಂಗಳೂರಿನ ಮೈನಸ್ ಝೀರೊ ಎಂಬ ಹೊಸ ಕಂಪನಿ 2023ರ ಜೂನಿನಲ್ಲಿ ಝೀಪಾಡ್ ಎಂಬ ತಾನೇ ಓಡುವ ಗಾಡಿಯನ್ನು ತೋರಿಸಿತು. 2025ರ ಅಕ್ಟೋಬರಿನಲ್ಲಿ ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಕಾಲೇಜು ಸೇರಿ ರೂಪಿಸಿದ ಚಾಲಕರಹಿತ ಕಾರು ಕಾಲೇಜಿನ ಆವರಣದಲ್ಲಿ ಓಡಿತು. ಆವರಣ ಎಂಬ ಪದವನ್ನು ಗಮನಿಸಬೇಕು. ಕಾವಲಿನ ಓಡುಹಾದಿಯಂತೆ ಅದೂ ಗೋಡೆಯ ಒಳಗಿನ ಜಾಗ.

ಕಾರು ರೂಪಿಸಿದ ಭಾರತೀಯ ವಿಜ್ಞಾನ ಸಂಸ್ಥೆಗೆ ಖುದಾಪುರದ ಕಾವಲಿನಲ್ಲೇ ಆವರಣವಿದೆ. ಅಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿ ನಡೆಯುತ್ತದೆ. ಕಾರಿನ ಕಣ್ಣು ರೂಪಿಸುವವರು ಒಂದು ವಾರ ಅಲ್ಲಿಗೆ ಬರಲಿ. ಆ ಶಿಕ್ಷಕರ ನೆರವು ಪಡೆದು ಕನ್ನಡದಲ್ಲಿ ಪ್ರಶ್ನೆಗಳನ್ನು ಬರೆಯಲಿ. ಅದರಲ್ಲಿ ನಾಯಿ ಬೆಕ್ಕಿನ ಜೊತೆ ಕುರಿಮರಿಯೂ ದೇವರ ಎತ್ತೂ ರಸ್ತೆಗೆ ಹಾಸಿದ ಹುರುಳಿಯೂ ಇರಲಿ. ಕಿಲಾರಿಗಳನ್ನು, ಗೊಲ್ಲರಹಟ್ಟಿಯ ಹೆಂಗಸರನ್ನು, ಲಾರಿ ಚಾಲಕರನ್ನು ಕೂರಿಸಿ ಕೇಳಲಿ. ಉಳ್ಳಾರ್ತಿಯ ದಾರಿಯಲ್ಲಿ ಸಂಜೆ ಹಿಂಡು ಮರಳುವ ಹೊತ್ತಿಗೆ ಕ್ಯಾಮೆರಾ ಹಿಡಿದು ನಿಲ್ಲಲಿ. ಮುಂದೊಂದು ದಿನ ದೆಹಲಿಯಲ್ಲಿ ಚಾಲಕರಹಿತ ವಾಹನಗಳಿಗೆ ನಿಯಮ ಬರೆಯಲು ಕೂತವರು 132ನೇ ಕಲಮನ್ನು ಹಳೆಯದೆಂದು ಕೈಬಿಡದಿರಲಿ. ಹಿಂಡು ಕಾಯುವವನು ಕೈ ಎತ್ತಿದರೆ ಗಾಡಿ ನಿಲ್ಲಬೇಕು. ಆ ಪರೀಕ್ಷೆಯಲ್ಲಿ ಪಾಸಾಗದ ಕಾರಿಗೆ ಈ ರಸ್ತೆಗಳಲ್ಲಿ ಪರವಾನಗಿ ಕೊಡಬೇಡಿ.